ಸೀಟು ನಿಮ್ಮದು, ಓಟಿಪಿ ಯಾರ ಮೊಬೈಲಿಗೆ?

ಸಿಇಟಿ ನಡೆಸಿ ಸೀಟು ಹಂಚುವ, ಮಲ್ಲೇಶ್ವರಂ 18ನೇ ಕ್ರಾಸಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ದೂರು ಹಿಡಿದು ಬರುವವರು ಸಾಮಾನ್ಯವಾಗಿ ಮಕ್ಕಳ ತಂದೆ-ತಾಯಿ. 2024ರ ನವೆಂಬರಿನಲ್ಲಿ ಪ್ರಾಧಿಕಾರವೇ ದೂರು ಬರೆದುಕೊಂಡು ಮಲ್ಲೇಶ್ವರಂ ಪೊಲೀಸರ ಬಳಿ ಹೋಗಬೇಕಾಯಿತು. ಬೇಡಿಕೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸರ್ಕಾರಿ ಸೀಟು ಹಂಚಿಕೆಯಾಗಿತ್ತು, ಸೇರಬೇಕಾದವರು ಮಾತ್ರ ಬಂದಿರಲಿಲ್ಲ. ಡಿಸೆಂಬರಿನಲ್ಲಿ ಹಲವರ ಬಂಧನವಾಯಿತು. ಅವರಲ್ಲಿ ಪ್ರಾಧಿಕಾರದ ನೌಕರನೊಬ್ಬನೂ ಇದ್ದ. ಅಭ್ಯರ್ಥಿಗಳ ಲಾಗಿನ್ ವಿವರ ಹೊರಗೆ ಹೋಗಿ, ಅವರ ಹೆಸರಿನಲ್ಲಿ ಬೇರೆಯವರು ಆಪ್ಷನ್ ಎಂಟ್ರಿ, ಅಂದರೆ ಕಾಲೇಜು-ಕೋರ್ಸಿನ ಆಯ್ಕೆ, ಮಾಡಿದ್ದರು ಎಂಬುದು ಪೊಲೀಸರ ಆರೋಪ. ಹೀಗೆ ಹಿಡಿದಿಟ್ಟ ಸೀಟು ಕೊನೆಯ ಸುತ್ತಿನ ನಂತರವೂ ಖಾಲಿ ಉಳಿದರೆ ಕಾಲೇಜಿನ ಆಡಳಿತ ಮಂಡಳಿಯ ಪಾಲಾಗುತ್ತದೆ. ಆಮೇಲಿನ ವ್ಯವಹಾರ ಲಕ್ಷಗಳದ್ದು.

ಗಮನಿಸಿ, ಈ ಕತೆಯಲ್ಲಿ ಕತ್ತಲ ಕೋಣೆಯ ಹ್ಯಾಕರ್ ಇಲ್ಲ. ಪಾಸ್‌ವರ್ಡ್ ಒಡೆಯುವ ಕಷ್ಟವನ್ನೇ ಯಾರೂ ತೆಗೆದುಕೊಂಡಂತಿಲ್ಲ.

ಪಾಸ್‌ವರ್ಡಿನ ಹಣೆಬರಹ ಮೊದಲಿನಿಂದಲೂ ಇದೇ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದೇ ಒಂದು ವಿಶ್ವವಿದ್ಯಾಲಯದಲ್ಲಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಅನೇಕರು ಒಂದೇ ಯಂತ್ರ ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿ, ಒಬ್ಬೊಬ್ಬರಿಗೂ ಗುಟ್ಟಿನ ಪದ ಕೊಟ್ಟಿತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿನ ಗಂಟೆಗಳು ಸಾಲಲಿಲ್ಲ. ಪಾಸ್‌ವರ್ಡ್ ಕಡತವನ್ನೇ ಮುದ್ರಿಸುವಂತೆ ಯಂತ್ರಕ್ಕೆ ಪಂಚ್ ಕಾರ್ಡ್ ಹಾಕಿದ. ಇಡೀ ಪಟ್ಟಿ ಕೈಗೆ ಬಂತು! ಅಲ್ಲೂ ಕದ್ದವನು ಒಳಗಿನವನೇ.

ನಮ್ಮಲ್ಲಿ ಕದಿಯುವ ತೊಂದರೆಯೂ ಇಲ್ಲ, ನಾವೇ ಕೊಟ್ಟುಬಿಡುತ್ತೇವೆ. ಕೌನ್ಸೆಲಿಂಗ್ ದಿನಗಳಲ್ಲಿ ಸಂಪಿಗೆ ರಸ್ತೆಯಿರಲಿ, ಗಾಂಧಿ ಬಜಾರ್ ಇರಲಿ, ಚಾಮರಾಜಪೇಟೆ ಇರಲಿ, ಜೆರಾಕ್ಸ್ ಅಂಗಡಿಯೇ ಸೈಬರ್ ಸೆಂಟರ್. ‘ಪಾಸ್‌ವರ್ಡ್ ಏನಿಡ್ಲಿ?’ ಎಂದರೆ ‘ನೀವೇ ಏನಾದ್ರೂ ಇಡಿ ಸಾರ್’ ಎನ್ನುವ ತಂದೆಯರಿದ್ದಾರೆ. ಮೊಬೈಲ್ ನಂಬರಿನ ಜಾಗದಲ್ಲಿ ಅಂಗಡಿಯವನದ್ದೇ ನಂಬರ್, ಇಮೇಲ್ ಕೂಡ ಅವನು ಅಲ್ಲೇ ತೆರೆದದ್ದು. ಅವನು ಒಳ್ಳೆಯವನೇ ಇರಬಹುದು. ಆದರೆ ಮಗಳ ಖಾತೆಯ ಕೀಲಿ ಮನೆಯಲ್ಲಿಲ್ಲ.

ಎರಡು ಹಂತದ ದೃಢೀಕರಣಕ್ಕೆ ಅರ್ಥ ಬರುವುದು ಇಲ್ಲೇ. ಪಾಸ್‌ವರ್ಡ್ ತಿಳಿದಿದ್ದರೆ ಸಾಲದು, ನಿಮ್ಮ ಕೈಯಲ್ಲಿರುವ ಇನ್ನೊಂದು ವಸ್ತುವೂ ಒಪ್ಪಬೇಕು. ಆನ್‌ಲೈನ್ ಕಾರ್ಡ್ ಪಾವತಿಗೆ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದಲೇ ಹೆಚ್ಚುವರಿ ದೃಢೀಕರಣ ಕಡ್ಡಾಯ ಮಾಡಿತು. ಐನೂರು ರೂಪಾಯಿಯ ಪುಸ್ತಕ ಕೊಳ್ಳಲು ಓಟಿಪಿ ಬೇಕು. ನಾಲ್ಕು ವರ್ಷದ ಓದು ನಿರ್ಧರಿಸುವ ಖಾತೆಗೆ ಅಷ್ಟಾದರೂ ಕಾವಲು ಬೇಡವೇ?

ಎಸ್ಸೆಮ್ಮೆಸ್ ಓಟಿಪಿ ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ನಿಮ್ಮ ನಂಬರಿನಲ್ಲಿ ನಕಲಿ ಸಿಮ್ ಪಡೆದವನಿಗೂ ಅದು ಹೋಗುತ್ತದೆ. ಅದಕ್ಕಿಂತ ಗಟ್ಟಿ ಅಥೆಂಟಿಕೇಟರ್ ಆ್ಯಪ್. ಮೊದಲ ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಪ್ತ ಸಂಖ್ಯೆ ಫೋನಿನಲ್ಲಿ ಕೂರುತ್ತದೆ. ಅದನ್ನೂ ಗಡಿಯಾರದ ಹೊತ್ತನ್ನೂ ಬೆರೆಸಿ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಆರಂಕಿ ಹುಟ್ಟಿಸುತ್ತದೆ. ಸರ್ವರ್ ಕೂಡ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ನೆಟ್‌ವರ್ಕ್ ಬೇಡ, ಸಿಮ್ಮೂ ಬೇಡ. 2011ರಿಂದ ಪ್ರಕಟಿತ ಮಾನದಂಡವಿದು, ಖರ್ಚಿನ ನೆಪ ನಡೆಯದು.

ಆದರೂ ಕಳ್ಳ ಒಳಗಿನವನಾದರೆ? ಅವನು ಪಾಸ್‌ವರ್ಡ್ ನೋಡಬಲ್ಲ ಎಂದರೆ ನೋಂದಾಯಿತ ನಂಬರನ್ನೂ ಬದಲಿಸಬಲ್ಲ. ಹಾಗಾಗಿ ನಂಬರ್ ಬದಲಾದ ಕೂಡಲೇ ಹಳೆಯ ನಂಬರಿಗೆ ಸಂದೇಶ ಹೋಗಬೇಕು, ಒಂದೆರಡು ದಿನ ಆ ಖಾತೆಯಲ್ಲಿ ಆಪ್ಷನ್ ಬದಲಿಸಲು ಬಿಡಬಾರದು. ಇದು ವಿದ್ಯಾರ್ಥಿ ಮಾಡುವ ಕೆಲಸವಲ್ಲ, ಪೋರ್ಟಲ್ ನಡೆಸುವವರದ್ದು. ಪದವಿ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವನ್ನೂ ಒಂದೇ ಕಡೆ ತಂದಿರುವ ರಾಜ್ಯದ ಯುಯುಸಿಎಂಎಸ್‌ನಂಥ ವ್ಯವಸ್ಥೆಗೂ ಈ ಮಾತು ಸಲ್ಲುತ್ತದೆ. ಇನ್ನು ದುಡ್ಡಿನಾಸೆಗೆ ಅಭ್ಯರ್ಥಿಯೇ ಏಜೆಂಟನಿಗೆ ಓಟಿಪಿ ಓದಿ ಹೇಳಿದರೆ ಯಾವ ತಂತ್ರವೂ ಉಳಿಸದು.

ಎಂಎಸ್ ಓದಲು ಅಮೆರಿಕಕ್ಕೆ ಹೊರಟ ಬಸವನಗುಡಿಯ ಹುಡುಗರ ಪಾಡು ಬೇರೆ. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಡುಯೊದಂಥ ಆ್ಯಪ್ ಇಲ್ಲದೆ ಇಮೇಲನ್ನೂ ತೆರೆಯಲು ಬಿಡುವುದಿಲ್ಲ. ಇಲ್ಲಿನ ಸಿಮ್ ನಂಬಿಕೊಂಡು ವಿಮಾನ ಹತ್ತಿದರೆ ಅಲ್ಲಿ ಹೊಸ ನಂಬರ್ ಬಂದ ದಿನ ಬಾಗಿಲು ಮುಚ್ಚಿಕೊಳ್ಳಬಹುದು. ಹೊರಡುವ ಮುನ್ನವೇ ಆ್ಯಪ್ ಹಾಕಿಕೊಳ್ಳಿ. ಬ್ಯಾಕಪ್ ಕೋಡ್ ಕೊಡುವ ಕಡೆ ಅವನ್ನು ಕಾಗದದಲ್ಲಿ ಮುದ್ರಿಸಿ ಪಾಸ್‌ಪೋರ್ಟ್ ಜೊತೆ ಇಡಿ. ನೀವು ಲಾಗಿನ್ ಆಗದಿರುವಾಗ ‘ಒಪ್ಪಿಗೆಯೇ?’ ಎಂಬ ಸಂದೇಶ ಬಂದರೆ ಎಷ್ಟು ಸಲ ಕಾಡಿದರೂ ಒತ್ತಬೇಡಿ.

ಮನೆಯಲ್ಲಿ ಈ ವರ್ಷ ಸಿಇಟಿ ಬರೆಯುವವರಿದ್ದರೆ ಇವತ್ತೇ ಅವರ ಖಾತೆ ತೆರೆಸಿ, ನೋಂದಣಿಯಲ್ಲಿರುವ ನಂಬರ್ ಯಾರದ್ದೆಂದು ನೋಡಿ. ಅಂಗಡಿಯವನದ್ದಾಗಿದ್ದರೆ ಆಪ್ಷನ್ ಎಂಟ್ರಿ ಶುರುವಾಗುವ ಮೊದಲೇ ಬದಲಿಸಿಕೊಳ್ಳಿ.