ಕೋಡಿಯ ಮಠದಲ್ಲಿ ಯಾರು ಯಾರು ಉಣ್ಣುತ್ತಿದ್ದರು?

ಶಿಕಾರಿಪುರದಿಂದ ಶಿರಾಳಕೊಪ್ಪದ ದಾರಿ ಹಿಡಿದು ಬಳ್ಳಿಗಾವಿಗೆ ಹೋಗುವವರಲ್ಲಿ ಹೆಚ್ಚಿನವರು ಶಿಲ್ಪ ನೋಡಲು ಹೋಗುತ್ತಾರೆ. ನೋಡುವುದಕ್ಕೂ ಅಲ್ಲಿ ಬೇಕಾದಷ್ಟಿದೆ. ಕೇದಾರೇಶ್ವರದ ಮೂರು ಗರ್ಭಗುಡಿಗಳು, ನುಣುಪಾದ ಕಂಬಗಳು, ತ್ರಿಪುರಾಂತಕೇಶ್ವರದ ಕೆತ್ತನೆ, 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬ. ಇವೆಲ್ಲಕ್ಕಿಂತ ದೊಡ್ಡದೊಂದು ಈ ಊರಿನಲ್ಲಿತ್ತು ಎಂದು ನನಗೆ ಅನ್ನಿಸುತ್ತದೆ. ಕೇದಾರೇಶ್ವರಕ್ಕೆ ಸೇರಿದ್ದ ಕೋಡಿಯ ಮಠ ಅದು. ಗುಡಿ ಉಳಿದಿದೆ. ಮಠವನ್ನು ಮಾತ್ರ ಶಾಸನಗಳಲ್ಲಿ ಓದಿ ತಿಳಿಯಬೇಕು.

ಬನವಾಸಿ ಹನ್ನೆರಡು ಸಾವಿರ ನಾಡಿಗೆ ಈ ಬಳ್ಳಿಗಾವಿ, ಶಾಸನಗಳ ಬಳ್ಳಿಗಾವೆ, ರಾಜಧಾನಿಯಾಗಿದ್ದ ಕಾಲ. ಕೆರೆಯ ಕೋಡಿಯ ಬಳಿ ನೆಲೆಸಿದ್ದ ಈ ಮಠ ಕಾಳಾಮುಖ ಶೈವರದು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಿದ್ಯಾಭರಣ, ಗೌತಮ, ವಾಮಶಕ್ತಿ ಎಂದು ಗುರುಗಳ ಸಾಲು ನಡೆಯುತ್ತದೆ. ಇವರಲ್ಲಿ ನನ್ನ ಮನಸ್ಸು ನಿಲ್ಲುವುದು ವಿದ್ಯಾಭರಣರ ಮೇಲೆ. ಮಠದ ಆಡಳಿತ ತಮ್ಮ ಓದಿಗೆ ಅಡ್ಡಿಯಾಗುತ್ತಿದೆ ಎಂದು ಅವರು ಆ ಹೊಣೆಯನ್ನು ಶಿಷ್ಯ ಗೌತಮರಿಗೆ ವಹಿಸಿ ಪುಸ್ತಕಗಳತ್ತ ತಿರುಗಿದರು. 1129ರ ಶಾಸನ ಇದನ್ನು ಮೆಚ್ಚುಗೆಯಿಂದಲೇ ಹೇಳುತ್ತದೆ. ಪೀಠ ಬಿಟ್ಟುಕೊಟ್ಟದ್ದನ್ನು ದೊಡ್ಡ ಗುಣವೆಂದು ಕಲ್ಲಿನಲ್ಲಿ ಬರೆಸಿದ ಮಠ ಅದು.

ಮಠದ ಪೂರ್ತಿ ಚಿತ್ರ ಸಿಗುವುದು 1162ರ ಶಾಸನದಲ್ಲಿ. ದಕ್ಷಿಣದ ದಂಡಯಾತ್ರೆಗೆ ಬಂದ ಕಳಚುರಿ ಬಿಜ್ಜಳ ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ, ವಾಮಶಕ್ತಿ ಗುರುಗಳು ಪೀಠದಲ್ಲಿದ್ದಾಗ ಹುಟ್ಟಿದ ಶಾಸನವಿದು. ದತ್ತಿ ಏಕೆ ಕೊಡಬೇಕು ಎಂಬುದಕ್ಕೆ ಕಾರಣವಾಗಿ ಮಠದಲ್ಲಿ ಏನೇನು ನಡೆಯುತ್ತದೆ ಎಂಬ ಉದ್ದನೆಯ ಪಟ್ಟಿಯನ್ನೇ ಅದು ಮುಂದಿಡುತ್ತದೆ. ನಾಲ್ಕು ವೇದಗಳನ್ನು ಅಂಗಸಹಿತ ಕಲಿಸುವ ಸ್ಥಳವಿದು. ಪಾಣಿನಿಯ ವ್ಯಾಕರಣದ ಜೊತೆಗೆ ಕೌಮಾರವೂ ಶಾಕಟಾಯನವೂ ಇಲ್ಲಿ ಪಾಠ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಂದಿಗೆ ಬೌದ್ಧ ದರ್ಶನವನ್ನೂ ಹೇಳಿಕೊಡುತ್ತಾರೆ. ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಎಲ್ಲಕ್ಕೂ ಇಲ್ಲಿ ಜಾಗ. ಶಾಕಟಾಯನ ಜೈನ ವೈಯಾಕರಣ ಎಂಬುದು ನೆನಪಿರಲಿ. ಶೈವ ಗುರುವಿನ ಎದುರು ಕುಳಿತ ಹುಡುಗ ಜೈನರ ವ್ಯಾಕರಣವನ್ನೂ ಬೌದ್ಧರ ತರ್ಕವನ್ನೂ ಓದುತ್ತಿದ್ದ.

ಪಾಠದ ಪಟ್ಟಿ ಮುಗಿದ ಮೇಲೆ ಊಟದ ಪಟ್ಟಿ ಬರುತ್ತದೆ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು ಮೊದಲು. ಆಮೇಲೆ ಕತೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಹೊಗಳುಭಟ್ಟರು. ಅವರ ಜೊತೆಯಲ್ಲೇ ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಸನ್ಯಾಸಿಗಳು, ಜೈನ ಕ್ಷಪಣಕರು, ದೇಶದೇಶಗಳಿಂದ ಬಂದ ಭಿಕ್ಷುಕರು. ಇವರೆಲ್ಲರಿಗೂ ಅಲ್ಲಿ ಅನ್ನ. ಅನಾಥ ರೋಗಿಗಳಿಗೆ ಔಷಧ. ಕೊನೆಯಲ್ಲಿ, ಎಲ್ಲ ಪ್ರಾಣಿಗಳಿಗೂ ಇದು ಅಭಯಸ್ಥಾನ ಎಂಬ ಘೋಷಣೆ.

ಶಾಸನ ಹೊಗಳುವ ಬರಹ, ಅದರಲ್ಲಿ ಉತ್ಪ್ರೇಕ್ಷೆ ಇರುತ್ತದೆ, ನಿಜ. ಆದರೆ ಒಂದು ಮಠ ತನ್ನನ್ನು ಯಾವುದಕ್ಕಾಗಿ ಹೊಗಳಿಸಿಕೊಳ್ಳಲು ಬಯಸಿತು ಎಂಬುದು ಸಣ್ಣ ಮಾತಲ್ಲ. ಕುರುಡರಿಗೂ ಕ್ಷಪಣಕರಿಗೂ ಉಣಬಡಿಸುವುದು ಕೀರ್ತಿಯ ಕೆಲಸವೆಂದು ಈ ನಾಡಿನಲ್ಲಿ ಎಣಿಸುತ್ತಿದ್ದರು. ರಾಜನ ಕೈಯಿಂದ ಭೂಮಿ ಪಡೆಯಲು ಅದು ಸಾಕಾದ ಕಾರಣವಾಗಿತ್ತು.

ಹಾಗೆಂದು ಮತಗಳ ನಡುವೆ ಜಗಳವೇ ಇರಲಿಲ್ಲ ಎಂದು ತಿಳಿಯಬಾರದು. ಇದೇ ಊರಿನ ಪಂಚಲಿಂಗ ದೇವಾಲಯದಲ್ಲಿದ್ದ ಇನ್ನೊಬ್ಬ ಕಾಳಾಮುಖ ಗುರು ಲಕುಳೀಶ್ವರ ಪಂಡಿತ. 1036ರ ಶಾಸನ ಆತ ಬೌದ್ಧರನ್ನೂ ಜೈನರನ್ನೂ ಮೀಮಾಂಸಕರನ್ನೂ ವಾದದಲ್ಲಿ ಸೋಲಿಸಿದ್ದನ್ನು ಅಬ್ಬರದ ಬಿರುದುಗಳಲ್ಲಿ ಸಾರುತ್ತದೆ. ಆ ಬಿರುದುಗಳಲ್ಲಿ ಮೆದುತನ ಸ್ವಲ್ಪವೂ ಇಲ್ಲ. ಆದರೂ ಸೋತವರು ಎಂದು ಹೇಳಿದವರು ಊರು ಬಿಟ್ಟು ಹೋಗಲಿಲ್ಲ. ಗಂಡಭೇರುಂಡದ ಕಂಬ ನಿಲ್ಲಿಸಿದ ಅದೇ ಚಾವುಂಡರಾಯರಸ 1048ರಲ್ಲಿ ಅಲ್ಲಿನ ಜಜಾಹುತಿ ಶಾಂತಿನಾಥ ಬಸದಿಗೆ ದತ್ತಿ ಬಿಟ್ಟ. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿದ. 1068ರಲ್ಲಿ 'ಸುಕುಮಾರಚರಿತೆ'ಯ ಕವಿ ಶಾಂತಿನಾಥನ ಮಾತಿನಂತೆ ಲಕ್ಷ್ಮಣನೃಪ ಒಂದು ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಿದ. ಎದುರಾಳಿಯ ಮತವನ್ನು ಸಭೆಯಲ್ಲಿ ಖಂಡಿಸುವುದು, ಎದುರಾಳಿ ಹಸಿದು ಬಂದರೆ ಎಲೆ ಹಾಕುವುದು, ಎರಡನ್ನೂ ಒಂದೇ ಊರು ಮಾಡಿತು. ಧರ್ಮ ಸಮಾಜಕ್ಕೆ ಏನು ಮಾಡಿದೆ ಎಂದು ಕೇಳುವವರಿಗೆ ನಾನು ತೋರಿಸಬಯಸುವುದು ಈ ಎರಡನೆಯದನ್ನು. ಸಿದ್ಧಾಂತಗಳು ಬೇರೆ ಬೇರೆಯಾಗಿಯೇ ಇದ್ದವು. ದತ್ತಿಯ ಭತ್ತ ಮಾತ್ರ ಎಲ್ಲರ ಹೊಟ್ಟೆಗೂ ಹೋಗುತ್ತಿತ್ತು.

ಇದು ಬಳ್ಳಿಗಾವೆಯೊಂದರ ಹೆಚ್ಚುಗಾರಿಕೆಯೂ ಅಲ್ಲ. ರೂಪಭಟ್ಟಯ್ಯನ ವಿಹಾರದ ವರ್ಷವಾದ 1065ರಲ್ಲೇ ಬಾಗ್ದಾದಿನಲ್ಲಿ ವಜೀರ ನಿಜಾಮುಲ್ ಮುಲ್ಕ್ ನಿಜಾಮಿಯಾ ಮದರಸಾ ಸ್ಥಾಪಿಸಿದ. ಅದರ ಖರ್ಚು ನಡೆದದ್ದು ವಕ್ಫ್ ಆಸ್ತಿಯ ಹುಟ್ಟುವಳಿಯಿಂದ. ಡಮಾಸ್ಕಸ್ಸಿನಲ್ಲಿ ದೊರೆ ನೂರುದ್ದೀನನ ಆಸ್ಪತ್ರೆ 1154ರದು. ಕೋಡಿಯ ಮಠದ ಶಾಸನಕ್ಕಿಂತ ಕೆಲವೇ ವರ್ಷ ಹಿಂದಿನದು. ಹಳೆಯ ಕೈರೋದ ಫುಸ್ತಾತ್‌ನಲ್ಲಿ ಯಹೂದಿ ಸಮುದಾಯ ಧರ್ಮಕ್ಕೆ ಬಿಟ್ಟ ಮನೆಗಳ ಬಾಡಿಗೆಯನ್ನೂ ಚಂದಾವನ್ನೂ ಸೇರಿಸಿ ಬಡವರಿಗೆ ರೊಟ್ಟಿ ಹಂಚುತ್ತಿತ್ತು. ಯಾರಿಗೆ ಎಷ್ಟು ರೊಟ್ಟಿ ಎಂಬ ಪಟ್ಟಿಗಳು ಅಲ್ಲಿನ ಬೆನ್ ಎಜ್ರಾ ಸಿನಗಾಗ್‌ನ ಹಳೆ ಕಾಗದಗಳ ರಾಶಿಯಲ್ಲಿ ಸಿಕ್ಕಿವೆ. ಅದೇ ರಾಶಿಯಲ್ಲಿ ನಮ್ಮ ಕರಾವಳಿಯ ಸುದ್ದಿಯೂ ಇದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1130ರ ದಶಕದಿಂದ 1149ರವರೆಗೆ ಹೆಚ್ಚಾಗಿ ಮಂಗಳೂರಿನಲ್ಲಿದ್ದ. ಮೆಣಸು, ಅಡಿಕೆಯನ್ನು ಏಡನ್ ಕಡೆಗೆ ಕಳಿಸುತ್ತಿದ್ದ, ಕಂಚು ಹಿತ್ತಾಳೆಯ ಕೆಲಸ ಮಾಡಿಸುತ್ತಿದ್ದ. ಬೊಮ್ಮ ಎಂಬ ಆಳು ಅವನ ಪರವಾಗಿ ಸಮುದ್ರ ದಾಟಿ ವ್ಯವಹಾರ ನೋಡಿಕೊಂಡು ಬರುತ್ತಿದ್ದ. ಗೌತಮ ಗುರುಗಳು ಕೋಡಿಯ ಮಠದ ಹೊಣೆ ಹೊತ್ತು ಹೆಚ್ಚು ವರ್ಷವಾಗಿರದ ಹೊತ್ತಿಗೆ ಘಟ್ಟದ ಕೆಳಗೆ ಹೀಬ್ರೂ ಲಿಪಿಯಲ್ಲಿ ಪತ್ರ ಬರೆಯುವ ಮನುಷ್ಯನಿದ್ದ ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಮಠದ ಒಳಗಿನ ಲೋಕಕ್ಕೆ ಸವಾಲು ಬಂದದ್ದೂ ಇದೇ ನೆಲದಿಂದ. ಬಳ್ಳಿಗಾವೆ ಅಲ್ಲಮಪ್ರಭುವಿನ ಹುಟ್ಟೂರು ಎಂದು ಪರಂಪರೆ ಹೇಳುತ್ತದೆ. ಹರಿಹರನ ರಗಳೆಯಲ್ಲಿ ಆತ ಮದ್ದಳೆ ನುಡಿಸುವ ಕಲಾವಿದ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಕೋಡಿಯ ಮಠಕ್ಕೆ ದತ್ತಿ ಕೊಟ್ಟ ಬಿಜ್ಜಳನ ಕಾಲದಲ್ಲೇ ಕಲ್ಯಾಣದಲ್ಲಿ ಶರಣರು ಗುಡಿ, ವೇದ, ದಾನ ಎಲ್ಲವನ್ನೂ ಪ್ರಶ್ನಿಸುತ್ತಿದ್ದರು. ಮಠ ಊಟ ಹಾಕುತ್ತಿದ್ದ ವಾದ್ಯಗಾರರ ಸಾಲಿನಿಂದಲೇ ಅಲ್ಲಮನಂಥವನು ಎದ್ದು ಹೋದ ಎಂದು ಊಹಿಸಿಕೊಳ್ಳುವುದು ನನಗೆ ಇಷ್ಟ. ಇದಕ್ಕೆ ಶಾಸನದ ಆಧಾರ ಕೇಳಬೇಡಿ.

ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟ 1902ರಲ್ಲಿ ಬಂತು. 1162ರ ಶಾಸನ ಅದರಲ್ಲಿ ಶಿಕಾರಿಪುರ 102. ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ಅದರ ಪಾಠದ, ಊಟದ ಪಟ್ಟಿಗಳನ್ನು ಹೊಸಗನ್ನಡಕ್ಕೆ ಇಳಿಸಿ ಕೇದಾರೇಶ್ವರದ ಅಂಗಳದಲ್ಲೇ ಮಕ್ಕಳಿಂದ ಓದಿಸಬೇಕು ಎಂಬುದು ನನ್ನ ಆಸೆ.

ಹೋದವರು ಬಳ್ಳಿಗಾವಿಯಿಂದಲೇ ಹಿಂತಿರುಗಬೇಡಿ. ಶಿರಾಳಕೊಪ್ಪದಿಂದ ಆನವಟ್ಟಿ ಕಡೆ ಮುಂದುವರಿದರೆ ಸೊರಬ ತಾಲ್ಲೂಕಿನ ಕುಬಟೂರು. ಹಳೆಯ ಕುಪ್ಪಟೂರು ಅದೇ. 1077ರಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿ ಪಾರ್ಶ್ವನಾಥನಿಗೆ ಬಸದಿ ಮಾಡಿಸಿದಳು. ಊರು ಬ್ರಾಹ್ಮಣರ ಅಗ್ರಹಾರ. ರಾಣಿ ಅವರನ್ನು ಗೌರವಿಸಿದಳು, ಅವರು ಆ ಜೈನ ಬಸದಿಗೆ ತಾವೇ ಹೆಸರಿಟ್ಟರು: ಬ್ರಹ್ಮಜಿನಾಲಯ.