ಎತ್ತು ನಿಂತರೆ ಗಾಡಿ

ಚಲನೆ, ಬಲ, ಶಕ್ತಿ ಇವನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳುವ ಬಗೆಯನ್ನು ಕುರಿತು ನಾಲ್ಕು ಮಾತನ್ನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನನಗೆ ನಗು ಬಂತು. ನಾನು ಕನ್ನಡದ ಎಂ.ಎ. ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದು ನಿವೃತ್ತನಾದವನು. ನ್ಯೂಟನ್ನನಿಗೂ ನನಗೂ ಎಲ್ಲಿಯ ನಂಟು? ಆದರೂ ಒಪ್ಪಿಕೊಂಡೆ. ಒಬ್ಬ ಹುಡುಗನಿಗೆ ನಾನು ಕೊಡಬೇಕಾಗಿದ್ದ ಒಂದು ಉತ್ತರ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಬಾಕಿ ಉಳಿದಿದೆ. ಅದನ್ನು ಇಲ್ಲಿಯಾದರೂ ತೀರಿಸಬಹುದೇನೋ ಎಂಬ ಆಸೆ.

1982ರ ಮಾತು. ಎಂ.ಎ.ಗೆ ಸೇರುವ ಮೊದಲು ಒಂದು ಹೋಬಳಿಯ ಪ್ರೌಢಶಾಲೆಯಲ್ಲಿ ಕೆಲಕಾಲ ಕನ್ನಡ ಅಧ್ಯಾಪಕನಾಗಿದ್ದೆ. ವಿಜ್ಞಾನದ ಮೇಷ್ಟರಿಗೆ ವರ್ಗವಾಗಿ, ಅವರ ಜಾಗಕ್ಕೆ ಯಾರೂ ಬಾರದೆ, ಮುಖ್ಯೋಪಾಧ್ಯಾಯರು ಒಂಬತ್ತನೆಯ ತರಗತಿಯ ಭೌತವಿಜ್ಞಾನವನ್ನು ನನ್ನ ಹೆಗಲಿಗೇರಿಸಿದರು. ಪಠ್ಯಪುಸ್ತಕವನ್ನು ಹಿಂದಿನ ರಾತ್ರಿ ಓದಿಕೊಂಡು ಮರುದಿನ ಒಪ್ಪಿಸುವುದು ನನ್ನ ಪದ್ಧತಿ. ಹೊರಗಿನಿಂದ ಬಲ ಪ್ರಯೋಗವಾಗದಿದ್ದರೆ ನಿಂತಿರುವ ವಸ್ತು ನಿಂತೇ ಇರುತ್ತದೆ, ಚಲಿಸುತ್ತಿರುವ ವಸ್ತು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ ಎಂಬ ಮೊದಲನೆಯ ನಿಯಮವನ್ನು ಕರಿಹಲಗೆಯ ಮೇಲೆ ಬರೆದು ಮುಗಿಸಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಬಾಡಿಗೆಗೆ ಗಾಡಿ ಹೊಡೆಯುತ್ತಿದ್ದವರು.

“ಎತ್ತು ನಿಂತ್ರೆ ಗಾಡೀನೂ ನಿಂತೋಯ್ತದಲ್ಲ ಸಾ?”

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಆ ವಯಸ್ಸಿಗೆ ಇರಲಿಲ್ಲ. “ಪುಸ್ತಕದಲ್ಲಿರುವುದನ್ನು ಬರಿ, ಅಂಕ ಬರುತ್ತದೆ, ಕೂತುಕೋ” ಎಂದೆ. ಹುಡುಗ ಕುಳಿತ. ಪರೀಕ್ಷೆಯಲ್ಲಿ ಆ ನಿಯಮವನ್ನು ಒಂದಕ್ಷರ ತಪ್ಪದೆ ಬರೆದ. ಪೂರ್ಣ ಅಂಕವನ್ನೂ ಪಡೆದ. ಮತ್ತೆಂದೂ ಅವನು ಪ್ರಶ್ನೆ ಕೇಳಲಿಲ್ಲ. ಅದು ನನ್ನ ಪಾಠದ ಗೆಲುವೆಂದೇ ನಾನಾಗ ಭಾವಿಸಿದ್ದೆ!

ಆ ಹುಡುಗ ಕೇಳಿದ್ದು ದಡ್ಡನ ಪ್ರಶ್ನೆಯಲ್ಲ, ಅರಿಸ್ಟಾಟಲನ ಪ್ರಶ್ನೆ. ದೂಡುವವನೊಬ್ಬನಿಲ್ಲದೆ ಓಟವಿಲ್ಲವೆಂದು ಆ ಗ್ರೀಕ್ ಪಂಡಿತ ಹೇಳಿದ್ದನ್ನು ಯುರೋಪು ಸುಮಾರು ಎರಡು ಸಾವಿರ ವರ್ಷ, ನಡುನಡುವೆ ಗೊಣಗುತ್ತಲೇ, ಒಪ್ಪಿಕೊಂಡು ಬಂದಿತು. ಒಪ್ಪದೆ ಏನು ಮಾಡೀತು? ಕಣ್ಣಿಗೆ ಕಾಣುವುದೇ ಹಾಗೆ. ಗೆಲಿಲಿಯೋ ಬಂದು, ಒಂದು ಇಳಿಜಾರಿನಲ್ಲಿ ಉರುಳಿಬಿಟ್ಟ ಗುಂಡು ಎದುರಿನ ಏರಿನಲ್ಲಿ ಹೆಚ್ಚು ಕಡಿಮೆ ತಾನು ಹೊರಟ ಎತ್ತರಕ್ಕೇ ಏರುವುದನ್ನು ಕಂಡ. ಎದುರಿನ ಏರನ್ನು ತಗ್ಗಿಸಿದರೆ ಆ ಎತ್ತರವನ್ನು ಮುಟ್ಟಲು ಗುಂಡು ಇನ್ನೂ ದೂರ ಓಡಬೇಕಾಗುತ್ತದೆ. ಏರನ್ನು ಪೂರ್ತಿ ಮಲಗಿಸಿಬಿಟ್ಟರೆ? ಆ ಎತ್ತರ ಎಂದೂ ಸಿಗದು, ಗುಂಡು ಎಂದೂ ನಿಲ್ಲದು. ತಡೆಯೆಂಬುದು ಲವಲೇಶವೂ ಇಲ್ಲದ ನೆಲವನ್ನು ಅವನೂ ಕಂಡಿರಲಿಲ್ಲ, ಮನಸ್ಸಿನಲ್ಲಿ ಕಲ್ಪಿಸಿಕೊಂಡ. ಈ ವಿಚಾರಗಳನ್ನೊಳಗೊಂಡ ಅವನ ಕೊನೆಯ ಗ್ರಂಥ 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾಯಿತು. ಆ ವೇಳೆಗೆ ಮುದುಕ ಗೃಹಬಂಧನದಲ್ಲಿದ್ದ, ಕಣ್ಣುಗಳೂ ಹೋಗಿದ್ದವು. ಅದನ್ನು ನಿಯಮವೆಂದು ನ್ಯೂಟನ್ ನಿಲ್ಲಿಸಿದ್ದು 1687ರಲ್ಲಿ. ಇಷ್ಟೆಲ್ಲ ಆದದ್ದನ್ನು ನಾನು ನಲವತ್ತು ನಿಮಿಷದ ಒಂದು ಪೀರಿಯಡ್ಡಿನಲ್ಲಿ ಮಕ್ಕಳ ತಲೆಗೆ ಇಳಿಸಲು ಹೊರಟಿದ್ದೆ.

ಹಾಗಾದರೆ ನಾನು ಏನು ಹೇಳಬೇಕಾಗಿತ್ತು? ಹೇಳುವುದಕ್ಕೆ ಮೊದಲು ಕೇಳಬೇಕಾಗಿತ್ತು. “ಅಚ್ಚಿಗೆ ಕೀಲೆಣ್ಣೆ ಯಾಕಪ್ಪ ಹಾಕುತ್ತೀರಿ?” ಎಂದಿದ್ದರೆ ಅವನು ಥಟ್ಟನೆ ಹೇಳುತ್ತಿದ್ದ. ಹೊಳೆಯ ಮರಳಿನಲ್ಲಿ ಗಾಡಿ ಹೇಗೆ ಹೂತುಕೊಂಡು ತೂಗುತ್ತದೆ, ಟಾರು ರಸ್ತೆಗೆ ಬಂದೊಡನೆ ಹೇಗೆ ಹಗುರವಾಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವನು ಅವನು. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೆ ಸಾಕು. ಒಂದೇ ಸಮನೆ ನಡೆಯುತ್ತಿರುವ ಎತ್ತುಗಳ ಎಳೆತವೆಲ್ಲ ಅಚ್ಚಿನ ಉಜ್ಜಾಟವನ್ನೂ ನೆಲದ ಹಿಡಿತವನ್ನೂ ಸರಿದೂಗಿಸುವುದಕ್ಕೇ ವೆಚ್ಚವಾಗುತ್ತದೆ. ಮುಂದಕ್ಕೆಳೆಯುವುದೂ ಹಿಂದಕ್ಕೆಳೆಯುವುದೂ ಸಮವಾದ್ದರಿಂದ ಗಾಡಿ ಇದ್ದ ವೇಗದಲ್ಲೇ ಹೋಗುತ್ತದೆ. ಎತ್ತು ನಿಂತಾಗ ಗಾಡಿಯನ್ನು ನಿಲ್ಲಿಸುವುದು ಬಲದ ಅಭಾವವಲ್ಲ. ತಡೆಯೆಂಬ ಬಲ ಆಗಲೂ ಇದೆ. ಅದನ್ನು ಎದುರಿಸುವವರು ಮಾತ್ರ ಇಲ್ಲ.

ಇದಕ್ಕಿಂತ ದೊಡ್ಡ ಉತ್ತರ ನನಗೆ ಬಹಳ ಕಾಲದ ಮೇಲೆ, ಒಂದು ಕೆರೆ ಏರಿಯ ಕೆಳಗೆ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ಸಿಕ್ಕಿತು. ಭತ್ತದ ಮೂಟೆ ತುಂಬಿದ ಗಾಡಿಯೊಂದು ಏರಿಯಿಂದ ಇಳಿಯುತ್ತಿತ್ತು. ಇಳಿಜಾರು ಮುಗಿದು ಸಮನೆಲಕ್ಕೆ ಬಂದ ಮೇಲೆ ಏನನ್ನೋ ಕಂಡು ಬೆದರಿ ಎತ್ತುಗಳು ತಟಕ್ಕನೆ ನಿಂತುಬಿಟ್ಟವು. ಗಾಡಿ ನಿಲ್ಲಲಿಲ್ಲ! ಮೂಕಿ ಮುಂದಕ್ಕೆ ನುಗ್ಗಿತು, ನೊಗ ಕೊರಳ ಕಡೆಗೆ ಜರುಗಿತು, ಎತ್ತುಗಳು ಹಿಂಗಾಲು ಊರಿ ಎರಡು ಮಾರು ಜಾರಿಕೊಂಡೇ ಹೋದವು. ಗಾಡಿ ಹೊಡೆಯುವ ಮನೆಯಲ್ಲಿ ಬೆಳೆದ ಹುಡುಗ ಇದನ್ನು ನೂರು ಸಲ ಕಂಡಿರಬೇಕು. ಎತ್ತು ನಿಂತರೂ ಗಾಡಿ ಎತ್ತಿನ ಹೆಗಲ ಮೇಲೆ ಬರುತ್ತದೆ ಎಂಬ ಉತ್ತರ ಅವನ ಬಳಿಯೇ ಇತ್ತು. ಜಡತ್ವವೆಂಬ ಶಬ್ದ ನನ್ನ ಬಳಿ ಇತ್ತು. ಎರಡನ್ನೂ ಕೂಡಿಸುವ ಕೆಲಸ ನನ್ನದಾಗಿತ್ತು, ನಾನು ಮಾಡಲಿಲ್ಲ.

ಇದು ನಮ್ಮ ಹಳ್ಳಿಗಳ ಕಥೆ ಮಾತ್ರವೆಂದು ಬಗೆಯಬೇಡಿ. ಅದೇ 1982ರಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ ಎಂಬ ಸಂಶೋಧಕರು, ಮೇಲಕ್ಕೆ ಚಿಮ್ಮಿದ ನಾಣ್ಯದ ಮೇಲೆ ಹಾದಿಯಲ್ಲಿ ಯಾವ ಯಾವ ಬಲಗಳಿವೆ ಎಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿ, ಬಂದ ಉತ್ತರಗಳನ್ನು ಪ್ರಕಟಿಸಿದರು. ಕೈ ಕೊಟ್ಟ ಬಲವೊಂದು ನಾಣ್ಯದೊಳಗೆ ಉಳಿದುಕೊಂಡು ಅದನ್ನು ಮೇಲಕ್ಕೆ ಒಯ್ಯುತ್ತದೆಂದು ಬಹುಪಾಲು ಮಂದಿ ಬರೆದಿದ್ದರು. ಕೈಬಿಟ್ಟ ಮೇಲೆ, ಗಾಳಿಯ ಅಲ್ಪ ತಡೆಯನ್ನು ಲೆಕ್ಕಕ್ಕೆ ತಾರದಿದ್ದರೆ, ನಾಣ್ಯದ ಮೇಲಿರುವುದು ಭೂಮಿಯ ಸೆಳೆತವೊಂದೇ. ಮುಂದೆ 1990ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು ಇಂಥವೇ ಸರಳ ಪ್ರಶ್ನೆಗಳನ್ನು ತಮ್ಮ ವಿದ್ಯಾರ್ಥಿಗಳ ಮುಂದಿಟ್ಟರು. ನೀವು ಕಲಿಸಿದಂತೆ ಬರೆಯಬೇಕೋ, ನಾನು ನಿಜವಾಗಿ ಯೋಚಿಸುವಂತೆ ಬರೆಯಬೇಕೋ ಎಂದು ಒಬ್ಬ ವಿದ್ಯಾರ್ಥಿನಿ ಅವರನ್ನು ಕೇಳಿದಳಂತೆ. ಮಜೂರರು ಆ ಮಾತನ್ನು ಮುಚ್ಚಿಡಲಿಲ್ಲ. ತಮ್ಮ ಉಪನ್ಯಾಸಕ್ರಮವನ್ನೇ ಬದಲಿಸಿ, ತರಗತಿಯಲ್ಲಿ ಪ್ರಶ್ನೆಯೊಂದನ್ನು ಕೊಟ್ಟು, ಪಕ್ಕದವರೊಡನೆ ವಾದಿಸಿ ಉತ್ತರ ಕಂಡುಕೊಳ್ಳುವಂತೆ ವಿದ್ಯಾರ್ಥಿಗಳನ್ನು ಹಚ್ಚಿದರು. ನನ್ನ ಹುಡುಗ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ನನ್ನ ಕಸುಬಿಗೆ ಸೇರಿದ ಮಾತು. ಕನ್ನಡದ ಪೀರಿಯಡ್ಡಿನಲ್ಲಿ ‘ಬಲ’ಕ್ಕೆ ಪರ್ಯಾಯ ಪದ ಕೇಳಿ, ‘ಶಕ್ತಿ’ ಎಂದು ಬರೆದ ಮಗುವಿಗೆ ನಾನು ಅಂಕ ಕೊಡುತ್ತೇನೆ. ಗಂಟೆ ಹೊಡೆದು ವಿಜ್ಞಾನದ ಮೇಷ್ಟರು ಬಂದರೆ ಅದೇ ಉತ್ತರ ತಪ್ಪು. ‘ಸಾಮರ್ಥ್ಯ’ ಎಂದರೆ ಅದೂ ತಪ್ಪು. ನೂಕುವುದು, ಎಳೆಯುವುದು ಬಲ. ಬಲವೊಂದು ವಸ್ತುವನ್ನು ತನ್ನ ದಿಕ್ಕಿನಲ್ಲಿ ಸರಿಸಿದರೆ ಕೆಲಸ. ಕೆಲಸ ಮಾಡಬಲ್ಲ ಬಂಡವಾಳ ಶಕ್ತಿ. ಆ ಬಂಡವಾಳ ಎಷ್ಟು ಬೇಗ ಕೈಬದಲಾಗುತ್ತದೆ ಎಂಬುದು ಸಾಮರ್ಥ್ಯ. ನಮ್ಮ ಕವಿಗಳು ಇವನ್ನೆಲ್ಲ ಒಂದರ ಬದಲು ಒಂದೆಂದು ಧಾರಾಳವಾಗಿ ಬಳಸಿದ್ದಾರೆ. ಅವರಿಗೆ ಅದು ಶೋಭೆಯೇ. ಇದು ಕನ್ನಡದ ಬಡತನವೂ ಅಲ್ಲ. ಇಂಗ್ಲಿಷಿನಲ್ಲಿ ‘ಎನರ್ಜಿ’ ಎಂಬ ಪದಕ್ಕೆ ಈ ಶಾಸ್ತ್ರೀಯ ಅರ್ಥವನ್ನು ಥಾಮಸ್ ಯಂಗ್ ಕೊಟ್ಟದ್ದು 1807ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1847ರಷ್ಟು ಈಚೆಗೂ ಶಕ್ತಿಯ ಸಂರಕ್ಷಣೆಯನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧದ ಹೆಸರಿನಲ್ಲೇ ‘ಕ್ರಾಫ್ಟ್’ ಎಂದು ಬರೆದ. ಅವರ ಭೌತವಿಜ್ಞಾನದಲ್ಲಿ ಇಂದು ಆ ಪದ ಬಲಕ್ಕೆ ಮೀಸಲು. ಪದಗಳಿಗೆ ಗಡಿ ಹಾಕುವುದು ಎಲ್ಲ ಭಾಷೆಗೂ ಕಷ್ಟದ ಕೆಲಸ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸುವಲ್ಲಿ ಮುಂದಾಳಾಗಿದ್ದರು. ಪಂಪಭಾರತದ ಪರಿಷ್ಕರಣಕ್ಕೆ ದುಡಿದವರೂ ಅವರೇ. ಎರಡು ಪೀರಿಯಡ್ಡುಗಳ ನಡುವಣ ಗೋಡೆ ಅಂಥವರಿಗೆ ಇರಲಿಲ್ಲ. ಅದನ್ನು ಕಟ್ಟಿದವರು ನಾವು.

‘ಕೆಲಸ’ ಎಂಬ ಪದವಂತೂ ಬಡವರ ಮಕ್ಕಳಿಗೆ ಅವಮಾನವೇ ಆಗಿಬಿಡುತ್ತದೆ. ತಲೆಯ ಮೇಲೆ ಮೂಟೆ ಹೊತ್ತು ನಿಂತ ಹಮಾಲಿ ಏನೂ ಕೆಲಸ ಮಾಡುತ್ತಿಲ್ಲವೆಂದು ಪುಸ್ತಕ ಹೇಳಿದರೆ ಹಮಾಲಿಯ ಮಗ ಹೇಗೆ ಒಪ್ಪಿಯಾನು? ಮೂಟೆ ಮೇಲೇರುತ್ತಿಲ್ಲವಾದ್ದರಿಂದ ಮೂಟೆಗೆ ಶಕ್ತಿ ಸಂದಾಯವಾಗುತ್ತಿಲ್ಲ ಎಂಬಷ್ಟೇ ಅದರ ಅರ್ಥ. ಹೊತ್ತವನ ಸ್ನಾಯುಗಳ ಎಳೆಗಳು ಒಳಗೊಳಗೇ ಬಿಗಿಯುತ್ತ ಸಡಿಲುತ್ತ ಉಂಡ ಅನ್ನವನ್ನು ಉರಿಸುತ್ತಲೇ ಇರುತ್ತವೆ; ಅದು ಶಾಖವಾಗಿ, ಬೆವರಾಗಿ ಹೋಗುತ್ತದೆ. ಈ ಎರಡನೆಯ ವಾಕ್ಯವನ್ನು ಹೇಳದೆ ಮೊದಲನೆಯದನ್ನು ಹೇಳಕೂಡದು.

ಶಕ್ತಿಯ ಲೆಕ್ಕವನ್ನೂ ಬಾವಿಯಿಂದಲೇ ಆರಂಭಿಸಬಹುದು. ಹತ್ತು ಮೀಟರ್ ಆಳದಿಂದ ಹತ್ತು ಲೀಟರ್ ನೀರನ್ನು ಸೇದಿದರೆ ನೀರಿಗೆ ಸಲ್ಲುವ ಶಕ್ತಿ ಸುಮಾರು 1000 ಜೂಲ್. 10 ವಾಟಿನ ಒಂದು ದೀಪಕ್ಕೆ ಅದು 100 ಸೆಕೆಂಡು ಸಾಕು. “ಇಷ್ಟೇನಾ?” ಎಂದು ಮಕ್ಕಳು ಬೆರಗಾಗುತ್ತಾರೆ. ಆಗ ಜೋಗಕ್ಕೆ ಕರೆದೊಯ್ಯಿರಿ, ಮಾತಿನಲ್ಲಾದರೂ. ಸುಮಾರು 250 ಮೀಟರ್ ಧುಮುಕುವ ನೀರು ಕೆಳಗೆ ಬಡಿದು ಶಾಂತವಾದಾಗ ಆ ರಭಸವೆಲ್ಲ ಎಲ್ಲಿ ಹೋಯಿತು? ಬಹುಪಾಲು ನೀರಿನ ಬಿಸುಪಾಯಿತು. ಗಾಳಿಗೆ ಹೋದದ್ದನ್ನು ಬಿಟ್ಟು ಲೆಕ್ಕ ಹಾಕಿದರೆ ಆ ಏರಿಕೆ ಒಂದು ಡಿಗ್ರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಗೆ ಬಿಸುಪಾಗಿ ಹೋಗುವುದಕ್ಕೆ ಮೊದಲು ಚಕ್ರವೊಂದನ್ನು ಅಡ್ಡವಿಟ್ಟರೆ ವಿದ್ಯುತ್ತಾಗುತ್ತದೆ. 1902ರಲ್ಲಿ ಶಿವನಸಮುದ್ರದ ನೀರು ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿದ್ದು ಹೀಗೆ.

ಕೆಲವು ವರ್ಷಗಳ ಹಿಂದೆ ಹೆದ್ದಾರಿಯ ಒಂದು ಟೀ ಅಂಗಡಿಯ ಮುಂದೆ ಲಾರಿಯಿಂದಿಳಿದ ನರೆತ ತಲೆಯ ಒಬ್ಬಾತ ನನ್ನ ಕಾಲಿಗೆ ನಮಸ್ಕರಿಸಿ ಗುರುತು ಹೇಳಿದ. ಅದೇ ಹುಡುಗ. ಗಾಡಿ ಹೋಗಿ ಲಾರಿ ಬಂದಿತ್ತು. ಮಾತಿಗೆ ಮಾತು ಬಂದು ಬ್ರೇಕಿನ ವಿಷಯ ಎತ್ತಿದ. “ಸ್ಪೀಡು ಎರಡರಷ್ಟಾದ್ರೆ ನಿಲ್ಲೋ ಜಾಗ ಎರಡರಷ್ಟಲ್ಲ ಸಾ, ಇನ್ನೂ ಎಷ್ಟೋ ಜಾಸ್ತಿ ಬೇಕು. ಹೊಸ ಹುಡುಗ್ರಿಗೆ ಇದು ಗೊತ್ತಾಗೋದಿಲ್ಲ, ಗುದ್ತಾರೆ” ಎಂದ. ನಾಲ್ಕರಷ್ಟು ಬೇಕಪ್ಪ, ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ ಎಂದೆ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಜೇಡಿಮಣ್ಣಿಗೆ ಬೀಳಿಸಿ, ಬಿದ್ದ ಕುಳಿಗಳನ್ನು ಅಳೆದು ಇದನ್ನೇ ಕಂಡದ್ದನ್ನೂ ಹೇಳಿದೆ. ಅವನು ಟೀ ಲೋಟವನ್ನು ಕೈಯಲ್ಲೇ ಹಿಡಿದು ಕೇಳಿದ. “ಹಂಗಾದ್ರೆ ನಲವತ್ತರಲ್ಲಿ ಹೋಗೋನು ಎಂಬತ್ತಕ್ಕೆ ಏರಿಸಿದ್ರೆ ನಾಲ್ಕು ಲಾರಿ ಒಟ್ಟಿಗೆ ನಿಲ್ಲಿಸ್ದಂಗೆ ಅನ್ನಿ” ಎಂದ. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಅಂದು ನೀನೊಂದು ಪ್ರಶ್ನೆ ಕೇಳಿದ್ದೆಯಲ್ಲ, ಎತ್ತು ನಿಂತರೆ ಗಾಡಿ ನಿಲ್ಲುವುದನ್ನು ಕುರಿತು, ಎಂದು ತಡೆತಡೆದು ಕೇಳಿದೆ. ಅವನು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು, ಇಲ್ಲವೆಂದು ತಲೆಯಾಡಿಸಿದ. ಆಮೇಲೆ ನಗುತ್ತ, ಕೈಕಟ್ಟಿ ನಿಂತು, ಮೊದಲನೆಯ ನಿಯಮವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ.