ವರ್ಗವಾದರೆ ಹೊಣೆ ತೀರಿತೆ?

ಮಂಗಳೂರಿನಿಂದ ಘಟ್ಟದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಬಿ.ಸಿ. ರೋಡನ್ನು ದಾಟಿ ಮುಂದೆ ಹೋದರೆ ಸಿಕ್ಕುವ ಕಲ್ಲಡ್ಕವು, ಹಾಲಿನ ಮೇಲೆ ಚಹಾದ ಕಷಾಯವು ಬೆರೆಯದೆ ನಿಲ್ಲುವ ತನ್ನ ‘ಕೇಟಿ’ಗಾಗಿ ನಾಡಿನಲ್ಲೆಲ್ಲ ಹೆಸರಾದ ಪೇಟೆ. ಆದರೆ ಆ ಪೇಟೆಯ ಹೆಸರು ಪತ್ರಿಕೆಗಳಲ್ಲಿ ಕಂಡೊಡನೆ ಓದುಗನ ಮನಸ್ಸಿಗೆ ಚಹಾವು ಬಾರದೆ ನಿಷೇಧಾಜ್ಞೆಯು ಬರುವಂತಾಗಿರುವುದು ಆ ಸೀಮೆಯವರ ದೌರ್ಭಾಗ್ಯವೇ ಸರಿ. ಈ ದೌರ್ಭಾಗ್ಯದಲ್ಲಿ ಪುಂಡರ ಪಾಲು ಎಷ್ಟೆಂಬುದನ್ನು ನ್ಯಾಯಾಲಯಗಳು ನಿರ್ಣಯಿಸಲಿ. ಜನರ ಪ್ರಾಣರಕ್ಷಣೆಗಾಗಿ ನೇಮಿತರಾದ ಅಧಿಕಾರಿಗಳ ಪಾಲು ಎಷ್ಟೆಂಬುದನ್ನು ನಿರ್ಣಯಿಸುವವರು ಯಾರು? ನಮ್ಮ ಪ್ರಶ್ನೆ ಇಷ್ಟೇ.

2017ರ ಮುಂಗಾರಿನ ದಿನಗಳನ್ನು ಬಂಟ್ವಾಳ ತಾಲೂಕಿನವರು ಮರೆತಿರಲಾರರು. ಕಲ್ಲಡ್ಕದಲ್ಲಿ ಹೊತ್ತಿದ ಘರ್ಷಣೆಯ ತರುವಾಯ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನ ಮೇರೆಗೆ ನಿಷೇಧಾಜ್ಞೆಯು ಜಾರಿಯಾಯಿತು. ಆ ಆಜ್ಞೆಯು ಜಾರಿಯಲ್ಲಿರುವಾಗಲೇ ಜೂನ್ 21ರಂದು ಬೆಂಜನಪದವಿನಲ್ಲಿ ಹಾಡಹಗಲಲ್ಲಿ ಒಬ್ಬ ರಿಕ್ಷಾ ಚಾಲಕನ ಕೊಲೆಯಾಯಿತು. ಜುಲೈ 4ರ ರಾತ್ರಿ ಬಿ.ಸಿ. ರೋಡಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯ ತರುಣನೊಬ್ಬನು ಇರಿತಕ್ಕೆ ಗುರಿಯಾಗಿ ಮೂರು ದಿನಗಳ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡನು. ಒಬ್ಬನು ಮುಸಲ್ಮಾನ, ಇನ್ನೊಬ್ಬನು ಹಿಂದು. ಇಬ್ಬರೂ ಅಂದಂದಿನ ಗಂಜಿಯನ್ನು ಅಂದಂದೇ ದುಡಿಯುವವರು. ನಾಲ್ವರು ಸೇರಿ ನಿಂತರೆ ಚದರಿಸುವ ಅಧಿಕಾರವುಳ್ಳ ಸರಕಾರವು, ಕತ್ತಿ ಹಿಡಿದು ಬಂದವರನ್ನು ಕಾಣಲಾರದೆ ಹೋದುದು ಹೇಗೆ?

ಉತ್ತರವಾಗಿ ದೊರೆತುದು ವರ್ಗಾವಣೆ. ಅಂದಿನ ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಾಗಿದ್ದ ಭೂಷಣ್ ಗುಲಾಬರಾವ್ ಬೊರಸೆಯವರು ಹೋದರು, ಸಿ.ಎಚ್. ಸುಧೀರ್ ಕುಮಾರ್ ರೆಡ್ಡಿಯವರು ಬಂದರು. ಅದೇ ಜೂನ್ ತಿಂಗಳಲ್ಲಿ ಜಿಲ್ಲೆಯ ಉಸ್ತುವಾರಿ ಸಚಿವರಾಗಿದ್ದ ಬಿ. ರಮಾನಾಥ ರೈಯವರು ಇಂಥವರನ್ನು ಬಂಧಿಸಬೇಕೆಂದು ಸೂಪರಿಂಟೆಂಡೆಂಟರಿಗೆ ಹೇಳುತ್ತಿದ್ದ ದೃಶ್ಯವು ಊರೂರಿಗೆ ಹರಡಿದುದನ್ನೂ ಇಲ್ಲಿ ನೆನೆಯಬೇಕು. ಯಾರನ್ನು ಹಿಡಿಯಬೇಕೆಂಬುದನ್ನು ಮಂತ್ರಿಗಳು ಹೇಳುವುದಾದರೆ, ಹಿಡಿದುದರ ಹೊಣೆಯೂ ಹಿಡಿಯದುದರ ಹೊಣೆಯೂ ಮಂತ್ರಿಗಳದೇ ಆಗಬೇಕು. ಹೇಳುವವರು ಒಬ್ಬರು, ವರ್ಗವಾಗುವವರು ಮತ್ತೊಬ್ಬರು ಎಂಬ ಏರ್ಪಾಡು ಯಾವ ನ್ಯಾಯಕ್ಕೂ ಒಪ್ಪುವುದಲ್ಲ.

ಎಂಟು ವರ್ಷಗಳು ಕಳೆದುವು. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯದ ಬಯಲಿನ ಬಳಿ ಕೇರಳದ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಮೇ 1ರಂದು ಬಜಪೆಯ ಕಿನ್ನಿಪದವಿನಲ್ಲಿ ಇನ್ನೊಂದು ಕೊಲೆ. ಮೇ 27ರಂದು ಬಂಟ್ವಾಳ ತಾಲೂಕಿನ ಕೊಳತ್ತಮಜಲಿನಲ್ಲಿ ಹೊಯಿಗೆ ಇಳಿಸುತ್ತಿದ್ದ ಪಿಕಪ್ ಚಾಲಕನ ಕೊಲೆ. ಮತ್ತೆರಡೇ ದಿನಗಳಲ್ಲಿ ಮಂಗಳೂರಿನ ಪೋಲೀಸ್ ಕಮಿಷನರರಾಗಿದ್ದ ಅನುಪಮ್ ಅಗರವಾಲರೂ ಜಿಲ್ಲಾ ಸೂಪರಿಂಟೆಂಡೆಂಟರಾಗಿದ್ದ ಯತೀಶ್ ಅವರೂ ವರ್ಗವಾದರು. ಕಮಿಷನರರಾಗಿ ಬಂದವರು ಯಾರು? 2017ರಲ್ಲಿ ಸೂಪರಿಂಟೆಂಡೆಂಟರಾಗಿ ಬಂದಿದ್ದ ಸುಧೀರ್ ಕುಮಾರ್ ರೆಡ್ಡಿಯವರೇ! ಅವರ ದಕ್ಷತೆಯನ್ನು ನಾವು ಶಂಕಿಸುವವರಲ್ಲ. ಸೀಮೆಯ ಪರಿಚಯವುಳ್ಳವರನ್ನು ಮರಳಿ ಕರೆತಂದುದು ವಿವೇಕವೇ. ಆದರೆ ಅವರ ಪರಿಚಯವು ಇಷ್ಟು ಬೆಲೆಯುಳ್ಳದ್ದಾದರೆ 2018ರ ಆದಿಯಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿದುದೇಕೆ? ತುಳುವಿನ ನಾಲ್ಕು ಮಾತು, ಬ್ಯಾರಿ ಭಾಷೆಯ ನಾಲ್ಕು ಮಾತು ಕಿವಿಗೆ ಹತ್ತುವಷ್ಟರಲ್ಲಿ ಅಧಿಕಾರಿಯು ಗಂಟುಮೂಟೆ ಕಟ್ಟುವುದಾದರೆ, ಊರಿನ ಗುಟ್ಟು ಅವನ ಕಿವಿಗೆ ಬೀಳುವುದೆಂದು? ಅಧಿಕಾರಿಗಳನ್ನು ಎರಡು ವರ್ಷಗಳೊಳಗೆ ಕದಲಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ಪ್ರಕಾಶ್ ಸಿಂಗರ ಮೊಕದ್ದಮೆಯಲ್ಲಿ 2006ರಲ್ಲಿಯೇ ವಿಧಿಸಿತ್ತು.

ವರ್ಗಾವಣೆಯು ಶಿಕ್ಷೆಯಲ್ಲವೆಂದು ಸರಕಾರವೇ ಹೇಳುವುದು. ಸರಿ, ಶಿಕ್ಷೆಯಲ್ಲವಾದರೆ ತಪ್ಪು ಮಾಡಿದವನು ಶಿಕ್ಷೆಯಿಲ್ಲದೆ ಹೋದನು. ಶಿಕ್ಷೆಯೇ ಆದರೆ ನಿರ್ದೋಷಿಯು ವಿಚಾರಣೆಯಿಲ್ಲದೆ ಶಿಕ್ಷಿತನಾದನು. ಎರಡರಲ್ಲಿಯೂ ಜನರಿಗೆ ತಿಳಿದುದು ಏನೂ ಇಲ್ಲ.

ಹಾಗಾದರೆ ಅಮಾನತು ಮಾಡಬೇಕೆ ಎನ್ನುವವರು ಬೆಂಗಳೂರಿನ ದೃಷ್ಟಾಂತವನ್ನು ನೋಡಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ 11 ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಮರುದಿನವೇ ಕಮಿಷನರ್ ಬಿ. ದಯಾನಂದರೂ ಅವರ ಕೈಕೆಳಗಿನ ಅಧಿಕಾರಿಗಳೂ ಅಮಾನತಾದರು. ಆ ಅಧಿಕಾರಿಗಳೊಳಗೊಬ್ಬರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು. ಜುಲೈ 1ರಂದು ಮಂಡಳಿಯು ಅವರ ಅಮಾನತನ್ನು ರದ್ದುಗೊಳಿಸಿ, ಪೋಲೀಸರು ಮಾಂತ್ರಿಕರಲ್ಲವೆಂಬ ಅರ್ಥದ ಮಾತನ್ನಾಡಿತು. ಆ ತಿಂಗಳು ಮುಗಿಯುವುದರೊಳಗೆ ಸರಕಾರವೇ ಉಳಿದವರ ಅಮಾನತನ್ನೂ ಹಿಂದೆಗೆದುಕೊಂಡಿತು. ಕೋಪದಲ್ಲಿ ಬರೆದ ಆಜ್ಞೆಯು ನ್ಯಾಯಪೀಠದ ಮುಂದೆ ನಿಲ್ಲಲಿಲ್ಲ. ಜನರ ಕಣ್ಣೊರೆಸಲು ಕೈಗೊಂಡ ಕ್ರಮವು ಕಡೆಗೆ ಹೊಣೆಯನ್ನೇ ಒರೆಸಿಬಿಟ್ಟಿತು.

ಪೋಲೀಸರು ಮಾಂತ್ರಿಕರಲ್ಲವೆಂಬುದು ನಿಜ. ಪ್ರತಿಯೊಂದು ಅಡ್ಡರಸ್ತೆಯಲ್ಲಿಯೂ ಪೇದೆಯನ್ನು ನಿಲ್ಲಿಸಲಾಗದು. ಕೊಲ್ಲಲೇಬೇಕೆಂದು ಹೊರಟವನನ್ನು ತಡೆಯುವುದು ಎಷ್ಟೋ ಸಲ ದಕ್ಷನಾದ ಅಧಿಕಾರಿಗೂ ಆಗದು. ಆದುದರಿಂದ ಕೊಲೆಯಾಯಿತೆಂಬ ಮಾತ್ರಕ್ಕೆ ಅಧಿಕಾರಿಯು ದೋಷಿಯೆಂದು ನಾವು ಹೇಳುವುದಿಲ್ಲ. ಅವನಿಗೆ ಏನು ತಿಳಿದಿತ್ತು, ಯಾವಾಗ ತಿಳಿಯಿತು, ತಿಳಿದ ಮೇಲೆ ಏನು ಮಾಡಿದನು, ಮಾಡದಂತೆ ತಡೆದವರಾರಾದರೂ ಉಂಟೆ ಎಂಬುದನ್ನು ಕೇಳಿ ಬರೆದಿಡಬೇಕೆನ್ನುತ್ತೇವೆ.

ಈ ಪ್ರಶ್ನೆಗಳನ್ನು ಕೇಳುವ ಸ್ಥಳ ಯಾವುದು? ಪ್ರಕಾಶ್ ಸಿಂಗರ ಮೊಕದ್ದಮೆಯ ತೀರ್ಪಿನಂತೆ ಏರ್ಪಡಬೇಕಾದ ಪೋಲೀಸು ದೂರು ಪ್ರಾಧಿಕಾರಗಳು ಮುಖ್ಯವಾಗಿ ನೋಡುವುದು ಠಾಣೆಯೊಳಗಿನ ಸಾವು, ತೀವ್ರ ಗಾಯ, ಅತ್ಯಾಚಾರಗಳನ್ನು. ಕೆಳಹಂತದಲ್ಲಿ ಸುಲಿಗೆ, ಭೂಕಬಳಿಕೆ, ಅಧಿಕಾರದ ದುರುಪಯೋಗಗಳನ್ನು. ಪೋಲೀಸನು ಹೊಡೆದರೆ ಅಲ್ಲಿ ಬಾಗಿಲುಂಟು. ಹೊಡೆಯುವವರನ್ನು ನೋಡುತ್ತ ಸುಮ್ಮನಿದ್ದರೆ ಎಲ್ಲಿಗೆ ಹೋಗಬೇಕೆಂಬುದು ಅದರಲ್ಲಿ ಸ್ಪಷ್ಟವಿಲ್ಲ. ಈ ಕೊರತೆಯು ನಿನ್ನೆಯದಲ್ಲ. ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ 1859ರಲ್ಲಿ ಹುಟ್ಟಿದ ಜಿಲ್ಲಾ ಪೋಲೀಸು ಶಾಸನವು ಪರರಾಜ್ಯದ ರಕ್ಷಣೆಗಾಗಿ ಆದುದು. ಅಲ್ಲಿ ಅಧಿಕಾರಿಯು ಮೇಲಿನವರಿಗೆ ಉತ್ತರ ಹೇಳಬೇಕಾಗಿತ್ತೇ ಹೊರತು ಕೆಳಗಿನವರಿಗಲ್ಲ. ಆಳುವವರು ಬದಲಾದರೂ ಉತ್ತರವು ಹೋಗುವ ದಿಕ್ಕು ಬದಲಾಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ದಾರಿ ತೆರೆದಿದೆ. ಗುಂಪು ಹತ್ಯೆಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2018ರ ಜುಲೈ 17ರಂದು ಕೊಟ್ಟ ತೀರ್ಪಿನಲ್ಲಿ, ಸೂಪರಿಂಟೆಂಡೆಂಟರ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯೊಬ್ಬನು ಪ್ರತಿ ಜಿಲ್ಲೆಯಲ್ಲಿಯೂ ಇದಕ್ಕೆ ಹೊಣೆಗಾರನಾಗಿರಬೇಕೆಂದೂ, ತಡೆಯುವುದರಲ್ಲಾಗಲಿ ತನಿಖೆಯಲ್ಲಾಗಲಿ ತಪ್ಪಿದರೆ ಅದನ್ನು ಉದ್ದೇಶಪೂರ್ವಕ ನಿರ್ಲಕ್ಷ್ಯವೆಂದು ಎಣಿಸಿ, ಇಲಾಖೆಯ ವಿಚಾರಣೆಯನ್ನು ಸಾಧ್ಯವಾದಷ್ಟು ಆರು ತಿಂಗಳಲ್ಲಿ ಮುಗಿಸಬೇಕೆಂದೂ ವಿಧಿಸಿದೆ. ಕುಡುಪುವಿನ ಸಾವನ್ನು ಮೊದಲು ಅಸಹಜ ಮರಣವೆಂದು ದಾಖಲಿಸಲಾಗಿತ್ತು. ಆ ಬಳಿಕ ಇನ್‌ಸ್ಪೆಕ್ಟರರೊಬ್ಬರೂ ಇಬ್ಬರು ಪೋಲೀಸರೂ ಅಮಾನತಾದರು. ಅಂದರೆ ಠಾಣೆಯ ಮಟ್ಟದಲ್ಲಿ ದೋಷವು ಕಂಡಿತು. ಠಾಣೆಯ ಮೇಲಿನವರು ಮೊದಲ ದಿನಗಳಲ್ಲಿ ಕೇಳಿದುದೇನು, ನಂಬಿದುದೇನು?

ಕೋಮುಗಲಭೆಯನ್ನು ಹತ್ತಿಕ್ಕಲೆಂದು 2025ರ ಜೂನಿನಲ್ಲಿ 248 ಮಂದಿಯ ವಿಶೇಷ ಕಾರ್ಯಪಡೆಯನ್ನು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ಕಟ್ಟಿದುದು ಒಳ್ಳೆಯದೇ. ಆದರೆ ಬಂಟ್ವಾಳ ತಾಲೂಕಿನವರಿಗೆ ಬೇಕಾದುದು ಇನ್ನಷ್ಟು ಲಾಠಿಗಳಿಗಿಂತ ಮೊದಲು ಒಂದು ಕಡತ. ನಿಷೇಧಾಜ್ಞೆಯು ಜಾರಿಯಲ್ಲಿರುವಾಗ ಅಥವಾ ಪ್ರತೀಕಾರದ ಭಯವು ಬಹಿರಂಗವಾಗಿರುವಾಗ ನಡೆದ ಪ್ರತಿಯೊಂದು ಕೊಲೆಯ ಮೇಲೆಯೂ, ಆ ಜಿಲ್ಲೆಗೆ ಸಂಬಂಧಪಡದ ಒಬ್ಬ ನ್ಯಾಯಾಧೀಶರು ಅಧಿಕಾರಿಗಳ ನಡತೆಯನ್ನು ಮಾತ್ರ ವಿಚಾರಿಸಿ ಮೂರು ತಿಂಗಳಲ್ಲಿ ವರದಿ ಕೊಡಲಿ. ವರ್ಗಾವಣೆಯಾದವರೂ ಅದಕ್ಕೆ ಹಾಜರಾಗಲಿ. ಮಂತ್ರಿಗಳ ಸೂಚನೆಗಳು ಲಿಖಿತವಾಗಿ ಅದರ ಮುಂದೆ ಬರಲಿ. ವರದಿಯನ್ನು ವಿಧಾನಮಂಡಲದ ಮುಂದಿಟ್ಟು, ಅದರ ಒಂದು ಪ್ರತಿಯನ್ನು ಬಂಟ್ವಾಳದ ತಾಲೂಕು ಕಚೇರಿಯಲ್ಲಿ ಯಾರು ಬೇಕಾದರೂ ಓದುವಂತೆ ಇರಿಸಲಿ. ಅದನ್ನು ಓದಲು ಮೊದಲು ಬರುವವರು ಆ ರಿಕ್ಷಾ ಚಾಲಕನ ಮನೆಯವರು, ಆ ಬಟ್ಟೆಯಂಗಡಿಯವನ ಮನೆಯವರು, ಆ ಹೊಯಿಗೆ ಗಾಡಿಯವನ ಮನೆಯವರು.